ರಿವರ್ಸ್ ಹಾಕುವ ಮುಂಚೆ ಒಂದು ಸುತ್ತು

ಹೋದ ವರ್ಷ ಗೌರಿ ಹಬ್ಬಕ್ಕೆ ಎರಡು ದಿನ ಇತ್ತು. ಬಾಗಿನಕ್ಕೆ ಮೊರ, ಬಳೆ ತರಲು ಗಾಂಧಿ ಬಜಾರಿಗೆ ಹೊರಟಿದ್ದೆವು. "ಇನ್ನೂ ತಡ ಮಾಡಿದ್ರೆ ಅಲ್ಲಿ ಗಾಡಿ ನಿಲ್ಸೋಕೆ ಜಾಗ ಸಿಗಲ್ಲ ಕಣೇ" ಅಂತ ಅತ್ತೆಯ ಅವಸರ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದವಳೇ ಕಾರು ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದೆ. ಸೆನ್ಸರ್ ಕುಂಯ್ ಕುಂಯ್ ಅಂತು. ಅದು ದಿನಾ ಹಾಗೇ ಕೂಗುತ್ತೆ, ಪಕ್ಕದವರ ಬೈಕಿನ ಬಾಲ ಯಾವಾಗಲೂ ಅರ್ಧ ಹೊರಗೇ ಇರುತ್ತಲ್ಲ. ಕಾರು ಒಂದಡಿಯೂ ಹೋಗಿರಲಿಲ್ಲ, "ಮೇಡಂ, ನಿಲ್ಸಿ! ನಿಲ್ಸಿ!" ಅನ್ನೋ ಕೂಗು ಕೇಳಿತು. ಜೊತೆಗೆ ಡಿಕ್ಕಿಯ ಮೇಲೆ ಧಡಧಡ ಏಟು.

ಇಳಿದು ನೋಡಿದರೆ ಕಾರಿನ ಹಿಂದೆ ಎರಡನೇ ಮಹಡಿಯವರ ಮೂರು ವರ್ಷದ ಹುಡುಗ. ಕುಕ್ಕರುಗಾಲಲ್ಲಿ ಕೂತು ನನ್ನ ಕಾರಿನಡಿ ಹೋದ ಚೆಂಡಿಗೆ ಕೈ ಚಾಚಿದ್ದ. ವಾಚ್‌ಮನ್ ಅವನನ್ನು ಎತ್ತಿಕೊಂಡರು. ನನಗೆ ಕಾಲಲ್ಲಿ ಬಲವೇ ಇರಲಿಲ್ಲ. ಆವತ್ತು ಮೊರವೂ ಬರಲಿಲ್ಲ, ಬಳೆಯೂ ಬರಲಿಲ್ಲ.

ಹದಿನಾಲ್ಕು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸುವವಳು, ನಮ್ಮದೇ ಬೇಸ್‌ಮೆಂಟಿನಲ್ಲಿ ಮಾತ್ರ ಮೈಮರೆತಿದ್ದೆ. ಮನೆಗೆ ಬಂದಾಯ್ತು ಅನ್ನೋ ನೆಮ್ಮದಿ, ಇಲ್ಲವೇ ಇನ್ನೂ ರಸ್ತೆಗೇ ಇಳಿದಿಲ್ಲ ಅನ್ನೋ ಉದಾಸೀನ. ನೀವೂ ಒಮ್ಮೆ ನೆನಪಿಸಿಕೊಳ್ಳಿ: ಸೀಟ್ ಬೆಲ್ಟ್ ಎಳೆದುಕೊಳ್ಳೋದು, ಫೋನು ಸ್ಟ್ಯಾಂಡಿಗೆ ಸಿಕ್ಕಿಸೋದು, ಹಾಡು ಹುಡುಕೋದು ಎಲ್ಲ ಯಾವಾಗ ಮಾಡ್ತೀರಿ? ಗಾಡಿ ಹಿಂದಕ್ಕೆ ಸರಿಯುತ್ತಿರುವಾಗಲೇ ಅಲ್ವಾ?

ಸೆನ್ಸರ್ ಇದ್ದೂ ಹೀಗಾಯ್ತಲ್ಲ ಅಂತ ಸರ್ವಿಸ್ ಸ್ಟೇಷನ್ನಿನಲ್ಲಿ ಕೇಳಿದೆ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ, ನನ್ನದರಲ್ಲೂ ಇದೆ. ಅದು ಬಂಪರಿನಿಂದ ಕಿವಿಗೆ ಕೇಳದ ಶಬ್ದ ಬಿಟ್ಟು, ತಾಗಿ ವಾಪಸ್ ಬರುವ ಪ್ರತಿಧ್ವನಿ ಹಿಡಿದು ದೂರ ಅಳೆಯುತ್ತೆ. ಗೋಡೆ, ಕಂಬ ಚೆನ್ನಾಗಿ ಸಿಗುತ್ತವೆ. ನೆಲಕ್ಕೆ ಹತ್ತಿರ ಇರುವ ಸಣ್ಣ ವಸ್ತುಗಳು, ಶಬ್ದವನ್ನು ಹೀರಿಕೊಳ್ಳುವ ಮೆತ್ತನೆ ಬಟ್ಟೆ ತಪ್ಪಿಹೋಗಬಹುದು. ಕುಕ್ಕರಿಸಿ ಕೂತ ಮಗು ಅಂದ್ರೆ ಎರಡೂ ಆಯ್ತಲ್ಲ! ಆವತ್ತು ಸೆನ್ಸರ್ ಕೂಗಿದ್ದು ಬೈಕಿಗೋ ಹುಡುಗನಿಗೋ ನನಗೆ ಇವತ್ತಿಗೂ ಗೊತ್ತಿಲ್ಲ. ದಿನಾ ಕೇಳುವ ಸದ್ದಾದ್ದರಿಂದ ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನೋದಂತೂ ನಿಜ. ಕ್ಯಾಮೆರಾ ಇದ್ದರೆ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಅದರ ಗಾಜಿಗೆ ಕೆಸರು ಮೆತ್ತಿಕೊಂಡಿರುತ್ತೆ.

ಈಗ ನಾನು ಮಾಡೋದು ಇಷ್ಟೇ. ಹತ್ತುವ ಮುಂಚೆ ಕಾರಿಗೆ ಒಂದು ಸುತ್ತು ಬರ್ತೀನಿ, ಬಗ್ಗಿ ಅಡಿಗೂ ನೋಡ್ತೀನಿ (ಬೆಕ್ಕೂ ಮಲಗಿರುತ್ತೆ). ಕಿಟಕಿ ಇಳಿಸಿ, ಹಾಡು ಹಾಕದೆ ತೆಗೀತೀನಿ. ಬಂದಾಗಲೇ ರಿವರ್ಸಿನಲ್ಲಿ ನಿಲ್ಲಿಸೋದನ್ನೂ ಕಲಿತೆ. ಹೊರಡುವಾಗ ಮೂತಿ ಮುಂದಿದ್ದರೆ ಓಡಾಡುವವರು ಕಾಣ್ತಾರೆ. ಮಾಲ್‌ಗಳಲ್ಲಿ ಮಕ್ಕಳ ಕೈ ಹಿಡಿದೇ ನಡೆಯೋದು. ಎರಡೂ ಕೈಯಲ್ಲಿ ಚೀಲ ಇದ್ದರೆ ಯಜಮಾನರಿಗೆ ಚೀಲ, ನನಗೆ ಮಕ್ಕಳು.

ಮಾಲ್ ಅಂದಾಗ ನನ್ನ ತಂಗಿಯ ವಿಷಯವೂ ಹೇಳಬೇಕು. ಅವಳಿಗೆ ಸೆಕೆಂಡ್ ಶಿಫ್ಟ್, ಆಫೀಸಿನ ಬೇಸ್‌ಮೆಂಟಿನಿಂದ ಗಾಡಿ ತೆಗೆಯುವಾಗ ರಾತ್ರಿ ಹನ್ನೊಂದು. ಮೊದಲೆಲ್ಲ ಕಾರಿನೊಳಗೆ ಕೂತು ಮೆಸೇಜು ನೋಡಿಕೊಂಡು ನಿಧಾನ ಹೊರಡ್ತಿದ್ದಳಂತೆ, ಬಾಗಿಲಿಗೆ ಲಾಕೂ ಇಲ್ಲ. ಒಂದು ದಿನ ಯಾರೋ ಬಂದು ಪಕ್ಕದ ಬಾಗಿಲನ್ನೇ ತೆಗೆದ. "ಸಾರಿ, ನಮ್ ಕಾರು ಅಂದ್ಕೊಂಡೆ" ಅಂದ. ನಿಜವೇ ಇರಬಹುದು. ಆದರೆ ಎರಡು ಮಹಡಿ ಕೆಳಗೆ ಅವಳ ಫೋನಿನಲ್ಲಿ ಸಿಗ್ನಲ್ಲೇ ಇರಲಿಲ್ಲ. 112 ಒತ್ತಬೇಕಾದರೂ ನೆಟ್‌ವರ್ಕ್ ಬೇಕಲ್ಲ? ಈಗ ಲಿಫ್ಟ್ ಹತ್ತುವ ಮುಂಚೆಯೇ ಮನೆಗೆ ಫೋನು, ಕೀ ಕೈಯಲ್ಲಿ, ಕೂತ ತಕ್ಷಣ ಲಾಕು, ಮೆಸೇಜೆಲ್ಲ ಮನೆಗೆ ಬಂದ ಮೇಲೆ. ಒಂಟಿ ಅನಿಸಿದ ದಿನ ಸೆಕ್ಯೂರಿಟಿಯವರನ್ನು "ಅಣ್ಣಾ, ಕಾರಿನ ತನಕ ಬನ್ನಿ" ಅಂತ ಕರೀತಾಳೆ. ಅದರಲ್ಲೇನು ನಾಚಿಕೆ?

ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ನಾನೇ ಎದ್ದು ನಡೆದದ್ದನ್ನು ಹೇಳಿದೆ. ಬೇಸ್‌ಮೆಂಟಿನಲ್ಲಿ ಮಕ್ಕಳು ಆಡಬಾರದು ಅಂತ ಬೋರ್ಡ್ ಹಾಕೋಣ ಎಂದರು. "ಮಳೆ ಬಂದ್ರೆ ಇನ್ನೆಲ್ಲಿ ಆಡ್ತಾವೆ?" ಅಂತ ಆ ಹುಡುಗನ ಅಜ್ಜಿ ಕೇಳಿದ್ದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಕೊನೆಗೆ ಸಂಜೆ ಎರಡು ಗಂಟೆ ಪಾರ್ಟಿ ಹಾಲ್ ತೆರೆದಿಡುವುದು ಅಂತಾಯ್ತು. ತಿರುವಿನಲ್ಲಿ ಉಬ್ಬುಗನ್ನಡಿಯೂ ಬಂತು. ರ‍್ಯಾಂಪಿನ ಟ್ಯೂಬ್‌ಲೈಟ್ ಮಾತ್ರ ಇನ್ನೂ ಮಿಣಮಿಣ ಅಂತಲೇ ಇದೆ. ಮುಂದಿನ ಮೀಟಿಂಗಿಗೆ ಅತ್ತೆಯನ್ನೇ ಕರೆದುಕೊಂಡು ಹೋಗುವವಳಿದ್ದೇನೆ.