ಮಳೆಗಾಲದ ಸೌದೆಗೆ ಬೇಸಿಗೆಯಲ್ಲೇ ಸಿದ್ಧತೆ

ಆಷಾಢದ ಜಡಿಮಳೆ ಹಿಡಿದ ದಿನ ಮಲೆನಾಡಿನ ಅಡಿಗೆಮನೆಯನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ಒಲೆಯಲ್ಲಿ ಸೌದೆ ತುಂಬಿದೆ, ಆದರೆ ಉರಿಯಿಲ್ಲ. ಕೊಳ್ಳಿಯ ತುದಿಯಲ್ಲಿ ನೀರು ನೊರೆಗಟ್ಟಿ ಸುರಿಯುತ್ತಿದೆ. ಊದುಗೊಳವೆ ಹಿಡಿದ ತಾಯಿಯ ಕಣ್ಣು ಕೆಂಪಾಗಿದೆ, ಪಕ್ಕದಲ್ಲಿ ಚಳಿ ಕಾಯಿಸಲು ಕುಳಿತ ಮಗು ಕೆಮ್ಮುತ್ತಿದೆ. ಇದು ಮಳೆಯ ತಪ್ಪಲ್ಲ. ಬೇಸಿಗೆಯಲ್ಲಿ ನಾವು ಮಾಡದೆ ಬಿಟ್ಟ ಕೆಲಸದ ಫಲ.

ಈಗ ಬಹಳ ಮನೆಗಳಿಗೆ ಅಡಿಗೆ ಅನಿಲ ಬಂದಿದೆ. ಆದರೂ ಬಚ್ಚಲ ಹಂಡೆಗೆ, ಭತ್ತ ಕುದಿಸಲು, ಮಳೆ ಮುಗಿಯುತ್ತಲೇ ಆರಂಭವಾಗುವ ಅಡಿಕೆ ಬೇಯಿಸುವ ಕೆಲಸಕ್ಕೆ ಹಳ್ಳಿಗಳಲ್ಲಿ ಸೌದೆಯೇ ಆಧಾರ. ಆದ್ದರಿಂದ ಸೌದೆಯನ್ನೂ ಒಂದು ಬೆಳೆಯೆಂದೇ ಎಣಿಸಿ, ಸಕಾಲದಲ್ಲಿ ಕಡಿದು, ಒಣಗಿಸಿ, ಒಳಸೇರಿಸುವುದು ಅವಶ್ಯಕ.

ಹಸಿ ಸೌದೆಯಿಂದ ಆಗುವ ನಷ್ಟ

ಆಗ ತಾನೇ ಕಡಿದ ಮರದ ತೂಕದಲ್ಲಿ ಹಲವು ಜಾತಿಗಳಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅಂದರೆ 10 ಕಿಲೋ ಹಸಿ ಸೌದೆ ಹೊತ್ತು ತಂದರೆ 5 ಕಿಲೋ ನೀರನ್ನು ಹೊತ್ತಂತೆ. ಒಂದು ಕಿಲೋ ನೀರು ಆವಿಯಾಗಿ ಹೋಗಲು ಸುಮಾರು 600 ಕಿಲೋಕ್ಯಾಲೊರಿ ಶಾಖ ಬೇಕು. ಬಿಸಿಲು ಪುಕ್ಕಟೆಯಾಗಿ ಮಾಡಬೇಕಾದ ಈ ಕೆಲಸವನ್ನು ಒಲೆಯೊಳಗೆ ಸೌದೆಯನ್ನೇ ಸುಟ್ಟು ಮಾಡಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸೌದೆ ಕಾದಾಗ ಅದರಿಂದ ಉರಿಯುವ ಅನಿಲಗಳು ಹೊರಬರುತ್ತವೆ. ನೀರಿನ ಆವಿಯಿಂದ ಒಲೆ ತಣ್ಣಗಾದರೆ ಈ ಅನಿಲಗಳು ಉರಿಯದೆ ಹೊಗೆಯಾಗಿ ಹೋಗುತ್ತವೆ. ಹೊಗೆಯೆಂದರೆ ಅರ್ಧ ಬೆಂದ ಸೌದೆಯೇ ಸರಿ. ಅದರಲ್ಲಿರುವ ಸೂಕ್ಷ್ಮ ಕಣಗಳೂ ಇಂಗಾಲದ ಮಾನಾಕ್ಸೈಡೂ ಹೆಚ್ಚು ಹೊತ್ತು ಒಲೆಯ ಬಳಿ ಇರುವ ಹೆಂಗಸರ ಮತ್ತು ಮಕ್ಕಳ ಆರೋಗ್ಯಕ್ಕೆ ಹಾನಿಕರ.

ಕಡಿಯುವ ಮತ್ತು ಸೀಳುವ ಕಾಲ

ಮೇ ತಿಂಗಳ ಕೊನೆಯಲ್ಲಿ ಗಡಿಬಿಡಿಯಿಂದ ಕಡಿದ ಸೌದೆ ಆ ವರ್ಷದ ಮಳೆಗಾಲಕ್ಕೆ ಒದಗುವುದಿಲ್ಲ. ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಕಡಿಯುವುದು, ಯುಗಾದಿಯೊಳಗೆ ಸೀಳುವುದು, ರೋಹಿಣಿ ಮಳೆಗೆ ಮೊದಲು, ಅಂದರೆ ಮೇ 25ರೊಳಗೆ, ಕೊಟ್ಟಿಗೆ ಸೇರಿಸುವುದು: ಈ ಕ್ರಮವನ್ನು ರೂಢಿಸಿಕೊಳ್ಳಬೇಕು.

ಮರದೊಳಗಿನ ನೀರು ಎಳೆಗುಂಟ ಸಾಗಿ ಕಡಿದ ತುದಿಗಳಿಂದ ಬೇಗ ಆರುತ್ತದೆ. ತೊಗಟೆ ಅದನ್ನು ತಡೆಯುತ್ತದೆ. ಆದ್ದರಿಂದ ಒಂದೂವರೆ ಅಡಿ ಉದ್ದದ ತುಂಡು ಮಾಡಿ, ಮಣಿಕಟ್ಟಿಗಿಂತ ದಪ್ಪವಿರುವುದನ್ನೆಲ್ಲ ಸೀಳಬೇಕು. ಇಡೀ ದಿಮ್ಮಿಯನ್ನು ಹಾಗೆಯೇ ಬಿಟ್ಟರೆ ಎರಡು ಬೇಸಿಗೆ ಕಳೆದರೂ ಒಳಗೆ ಹಸಿ ಉಳಿಯಬಹುದು.

ಕಡಿಯುವ ಮುನ್ನ ಒಂದು ಎಚ್ಚರಿಕೆ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯಿದೆ ಜಾರಿಯಲ್ಲಿದೆ. ಸ್ವಂತ ಜಮೀನಿನ ಮರವಾದರೂ ಅನುಮತಿ ಬೇಕೇ ಎಂದು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು.

ಒಟ್ಟುವ ರೀತಿ

ಗಾಳಿ ಬೀಸುವ, ಬಿಸಿಲು ಬೀಳುವ ಜಾಗದಲ್ಲಿ ಕಲ್ಲಿನ ಮೇಲೆ ಅಡ್ಡಗಳುಗಳನ್ನಿಟ್ಟು, ನೆಲದಿಂದ ಒಂದು ಅಡಿ ಎತ್ತರದಲ್ಲಿ ಸೌದೆ ಒಟ್ಟಬೇಕು. ಇದರಿಂದ ನೆಲದ ತೇವ ಏರುವುದಿಲ್ಲ, ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ. ಒಂದು ಸಾಲು ಉದ್ದ, ಮೇಲಿನ ಸಾಲು ಅಡ್ಡ ಇಟ್ಟರೆ ನಡುವೆ ಗಾಳಿಯಾಡುತ್ತದೆ. ಬೇಸಿಗೆ ಮಳೆ ಬರುವ ಲಕ್ಷಣ ಕಂಡಾಗ ಮೇಲ್ಭಾಗವನ್ನು ಮಾತ್ರ ಮುಚ್ಚಬೇಕು. ಸುತ್ತಲೂ ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ.

ಸೌದೆ ಒಣಗಿದ್ದನ್ನು ತಿಳಿಯಲು ತಕ್ಕಡಿಯೇ ಸಾಕು. ನಾಲ್ಕಾರು ತುಂಡುಗಳಿಗೆ ಗುರುತು ಹಾಕಿ 10 ದಿನಕ್ಕೊಮ್ಮೆ ತೂಗಿ. ಅರ್ಧ ನೀರಿದ್ದ 10 ಕಿಲೋ ಸೌದೆ ಚೆನ್ನಾಗಿ ಒಣಗಿದಾಗ ಸುಮಾರು 6 ಕಿಲೋಗೆ ಇಳಿಯುತ್ತದೆ. ಎರಡು ಸಲದ ತೂಕದಲ್ಲಿ ವ್ಯತ್ಯಾಸ ಕಾಣದಿದ್ದರೆ ಒಳಸೇರಿಸಬಹುದು. ತುದಿಯಲ್ಲಿ ಬಿರುಕು ಬಿಟ್ಟಿರುವುದೂ, ಎರಡು ತುಂಡು ಬಡಿದಾಗ ಠಣ್ ಎನ್ನುವುದೂ ಒಣಗಿದ ಗುರುತು.

ಎಷ್ಟು ಬೇಕು?

ಒಂದು ವಾರ ಸುಡುವ ಒಣ ಸೌದೆಯನ್ನು ತೂಗಿ ದಿನದ ಸರಾಸರಿ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ಉದಾಹರಣೆಗೆ, ದಿನಕ್ಕೆ 5 ಕಿಲೋ ಬೇಕಾದಲ್ಲಿ 610 ಕಿಲೋ ಆಯಿತು. ಮಳೆ ಮುಂದುವರಿದರೆ ಇರಲೆಂದು ಐದನೆಯ ಒಂದು ಪಾಲು ಸೇರಿಸಿದರೆ ಸುಮಾರು 730 ಕಿಲೋ. ಅಡಿಕೆ ಬೇಯಿಸಲು ಬೇಕಾದ ಸೌದೆಯನ್ನು ಬೇರೆಯಾಗಿ ಲೆಕ್ಕ ಹಾಕಿ ಇಡಬೇಕು.

ಒಳಗಿಟ್ಟ ಸೌದೆಯೂ ಮಳೆಗಾಲದ ಗಾಳಿಯಿಂದ ಸ್ವಲ್ಪ ತೇವ ಹೀರುತ್ತದೆ. ಆದ್ದರಿಂದ ನಾಳೆಗೆ ಬೇಕಾದಷ್ಟನ್ನು ಇಂದೇ ಒಲೆಮನೆಗೆ ತಂದಿಡಿ. ಆದರೆ ಕಿಡಿ ತಾಗುವಷ್ಟು ಹತ್ತಿರ ಇಡಬೇಡಿ. ಒಟ್ಟಿಲಿಗೆ ಬರಿಗೈ ಹಾಕುವ ಮುನ್ನ ಹಾವು ಚೇಳು ನೋಡಿಕೊಳ್ಳಿ.

ಬೇಲಿಯಲ್ಲೇ ಸೌದೆ ಬೆಳೆಯಿರಿ

ಮೊದಲ ಮಳೆಗೆ ಬೇಲಿಗುಂಟ ಗ್ಲಿರಿಸಿಡಿಯಾ ಗೂಟಗಳನ್ನು ನೆಟ್ಟರೆ ಬೇಲಿಯೂ ಆಯಿತು, ಗದ್ದೆ ತೋಟಗಳಿಗೆ ಹಸಿರೆಲೆ ಗೊಬ್ಬರವೂ ಆಯಿತು, ಕಡಿದಷ್ಟೂ ಚಿಗುರುವ ಸೌದೆಯೂ ಆಯಿತು. ತೆಂಗಿನ ಕರಟ, ಒಣ ಮಟ್ಟೆಗಳನ್ನು ಹಂಡೆಯ ಒಲೆಗೆ ಬಳಸಿ. ಸಗಣಿಯನ್ನು ಮಾತ್ರ ಬೆರಣಿ ತಟ್ಟದೆ ಗೊಬ್ಬರದ ಗುಂಡಿಗೇ ಹಾಕಿ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ; ತೆಂಗು ಅಡಿಕೆಯ ಬುಡಕ್ಕೆ ಒಳ್ಳೆಯದು. ಆದರೆ ಅಮೋನಿಯಂ ಸಲ್ಫೇಟಿನೊಡನೆ ಬೆರೆಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ.

ಒಲೆಯೂ ಸರಿಯಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಗೆ ಹೊಗೆ ಕೊಳವೆಯಿದ್ದು, ಒಂದೇ ಉರಿಯಲ್ಲಿ ಮೂರು ಪಾತ್ರೆಗಳು ಕಾಯುತ್ತವೆ. ಆದರೆ ಎಂತಹ ಉತ್ತಮ ಒಲೆಯಾದರೂ ಹಸಿ ಸೌದೆ ಹಾಕಿದರೆ ಹೊಗೆಯನ್ನೇ ಉಗುಳುತ್ತದೆ.

ಬೀಜ, ಗೊಬ್ಬರಗಳನ್ನು ಮಳೆಗೆ ಮೊದಲೇ ಕೂಡಿಡುವ ರೈತ ಬಾಂಧವರು ಆ ಪಟ್ಟಿಗೆ ಒಣ ಸೌದೆಯನ್ನೂ ಸೇರಿಸಿಕೊಳ್ಳಲಿ. ಒಂದೆರಡು ವಾರ ಕೊಡಲಿ ಹಿಡಿಯುವ ಶ್ರಮದಿಂದ ಒಲೆಯ ಮುಂದೆ ಕೂರುವವರಿಗೆ ನಾಲ್ಕು ತಿಂಗಳ ಹೊಗೆ ತಪ್ಪುತ್ತದೆ.