ಬೂದಿ ದಿಬ್ಬದೊಳಗೆ ಗೊರಸಿನ ಗುರುತು!

ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟಿದ್ದೀರಾ? ಕುಡತಿನಿ ಬಂತೆಂದರೆ ಸ್ವಲ್ಪ ನಿಧಾನಿಸಿ! ಆ ಸೀಮೆಯಲ್ಲೊಂದು ದಿಬ್ಬವಿದೆ. ಮಣ್ಣಿನದಲ್ಲ. ಕಲ್ಲಿನದೂ ಅಲ್ಲ. ಬೂದಿಯದು!

ಹೌದು, ಬೂದಿ! ಪದರದ ಮೇಲೆ ಪದರ. ನಡುನಡುವೆ ಕಿಟ್ಟದ ಗಟ್ಟಿಗಳು. ಕರಗಿ, ನೊರೆಯೆದ್ದು, ಗಾಜಿನ ಹಾಗೆ ಹೆಪ್ಪುಗಟ್ಟಿದ ಗಟ್ಟಿಗಳು. ಎಂಥ ಬೆಂಕಿ ಉರಿದಿರಬೇಕು ಅಲ್ಲಿ!

ಇಂಥದ್ದು ಇದೊಂದೇ ಅಂದುಕೊಂಡಿರಾ? ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ, ಗಡಿಯಾಚೆಯ ಆಂಧ್ರ, ತೆಲಂಗಾಣ ಎಲ್ಲ ಸೇರಿದರೆ ನೂರಕ್ಕೂ ಹೆಚ್ಚು!

ಯಾರು ಸುಟ್ಟರು? ಏನನ್ನು ಸುಟ್ಟರು? ಮುಂದೆ ಓದುವ ಮೊದಲು ಒಮ್ಮೆ ಊಹಿಸಿ ನೋಡಿ.

ಜ್ವಾಲಾಮುಖಿಯೇ? ಹಾಗೆಂದವರಿದ್ದರು. ಕಬ್ಬಿಣ ಕರಗಿಸಿದ ಕುಲುಮೆಯೇ? ಹಾಗೂ ಅಂದರು. ಸಾಲುಸಾಲು ಹೆಣ ಸುಟ್ಟ ಚಿತೆಯೇ? ಅದೂ ಆಯಿತು. ಹಂಪಿ ಪಕ್ಕದ ನಿಂಬಾಪುರದಲ್ಲಿ ಕೇಳಿದರೆ ಅವರ ಉತ್ತರ ಎಂದೋ ಸಿದ್ಧವಾಗಿದೆ: ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ದಹನ ಮಾಡಿದ್ದು ಇಲ್ಲೇ!

ಸರಿಯುತ್ತರ ಏನು ಗೊತ್ತೇ? ಸಗಣಿ!

ನಮ್ಮ ದನಗಳ ಸಗಣಿ! ಅದೂ ನಿನ್ನೆ ಮೊನ್ನೆಯದಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು!

ಇದನ್ನು ಮೊದಲೇ ಗುರುತಿಸಿದವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಹೆಕ್ಕಿದನಲ್ಲ, ಅದೇ ಭೂವಿಜ್ಞಾನಿ. ಆದರೂ ಅನುಮಾನ ಹೋಗಲಿಲ್ಲ. ದಶಕಗಳು ಕಳೆದ ಮೇಲೆ ವಿಜ್ಞಾನಿ ಫ್ರೆಡರಿಕ್ ಝೂನರ್ ಈ ಬೂದಿಯನ್ನು ಪರೀಕ್ಷೆಗೆ ಒಡ್ಡಿ ಖಚಿತಪಡಿಸಿದರು. ಸಗಣಿಯೇ!

ಅಷ್ಟರಲ್ಲಿ ಇನ್ನೊಂದು ಅಚ್ಚರಿ ಹೊರಬಿದ್ದಿತ್ತು.

1957. ಕೃಷ್ಣೆಯ ಸೀಮೆಯ ಉತ್ನೂರು ಇಂದಿನ ತೆಲಂಗಾಣದಲ್ಲಿದೆ. ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಲ್ಲಿನ ಬೂದಿ ದಿಬ್ಬವನ್ನು ಅಗೆಸಿದರು. ಅಲ್ಲಿ ಕಂಡದ್ದು ಗುಳಿಗಳು, ಸಾಲಾಗಿ! ಅವು ಮರದ ಕಂಬ ನೆಟ್ಟ ಗುಳಿಗಳು. ಕಂಬಗಳ ಬೇಲಿ ಕಟ್ಟಿ ದನ ಕೂಡುತ್ತಿದ್ದ ದೊಡ್ಡಿ ಅದು! ದೊಡ್ಡಿಗೆ ಬೆಂಕಿ ಬಿದ್ದಿದೆ. ಮತ್ತೆ ಅದೇ ಜಾಗದಲ್ಲಿ ಕಟ್ಟಿದ್ದಾರೆ. ಮತ್ತೆ ಬೆಂಕಿ. ಮತ್ತೆ ದೊಡ್ಡಿ!

ಇನ್ನೂ ಏನಿತ್ತು? ಈ ವಿಷಯ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಗೊರಸಿನ ಗುರುತು! ದನದ ಗೊರಸು!

ಒತ್ತಿಕೊಂಡ ಸೀಳು ಗೊರಸುಗಳ ಅಚ್ಚು ಹಾಗೇ ಉಳಿದುಬಿಟ್ಟಿತ್ತು. ಆ ದನ ಸತ್ತು ಮಣ್ಣಾಗಿ, ಮೇಯಿಸಿದವರ ಭಾಷೆಯೂ ಯಾವುದೆಂದು ತಿಳಿಯದೆ ಹೋಗಿ, ಎಷ್ಟೋ ರಾಜ್ಯಗಳು ಬಂದು ಹೋದವು. ಹೆಜ್ಜೆ ಮಾತ್ರ ಅಳಿಯಲಿಲ್ಲ! ಕೊಡಲಿ, ಮಡಕೆ ಸಿಗುವುದು ಬೇರೆ. ಒಂದು ಜೀವ ಒಂದು ದಿನ ಕಾಲೂರಿದ ಜಾಗವೇ ಸಿಗುವುದು ಬೇರೆ!

ಈಗ ಕಷ್ಟದ ಪ್ರಶ್ನೆ. ಒಕ್ಕಲುತನ ಮಾಡಿದವರ ಬಾಯಲ್ಲಿ ಇದೇ ಮೊದಲು ಬರುತ್ತದೆ: ಅಷ್ಟು ಒಳ್ಳೆಯ ಗೊಬ್ಬರವನ್ನು ಯಾಕೆ ಸುಟ್ಟರು?

ಈ ಪ್ರಶ್ನೆಗೆ ಗುದ್ದಲಿಯೊಂದೇ ಸಾಲದು! ಬೂದಿಗೆ ಬಾಯಿಲ್ಲ. ಬಾಯಿರುವುದು ಬದುಕಿರುವವರಿಗೆ. ಪುರಾತತ್ವಜ್ಞ ಗುಂಡಿಯಿಂದ ಎದ್ದು ಬಂದು ದನ ಕಾಯುವವರ ಹಟ್ಟಿಗೆ ಹೋಗಲೇಬೇಕು. ಮಾನವಶಾಸ್ತ್ರದ ಬಾಗಿಲು ತೆರೆಯುವುದು ಇಲ್ಲೇ!

ಆಲ್ಚಿನ್ ಆ ಬಾಗಿಲು ತಟ್ಟಿದರು. 1963ರಲ್ಲಿ ಬಂದ ಅವರ ಪುಸ್ತಕ ದಖ್ಖನ್ನಿನ ಬೂದಿ ದಿಬ್ಬಗಳ ಬಗ್ಗೆಯೇ. ಅದರಲ್ಲಿ ಹೋಳಿ, ದೀಪಾವಳಿ, ಸಂಕ್ರಾಂತಿಗಳೂ ಇವೆ! ಕಲ್ಲಿನ ಯುಗದ ಬೂದಿಗೂ ನಮ್ಮ ಹಬ್ಬಕ್ಕೂ ಏನು ಸಂಬಂಧ?

ಮಂಡ್ಯ, ಮೈಸೂರು ಕಡೆಯವರು ಆಗಲೇ ಊಹಿಸಿರುತ್ತೀರಿ. ಕಿಚ್ಚು ಹಾಯಿಸುವುದು! ಸಂಕ್ರಾಂತಿ ದಿನ ಎತ್ತು ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹಾರ ಹಾಕುತ್ತಾರೆ. ಸಂಜೆ ಹುಲ್ಲಿಗೆ ಬೆಂಕಿ. ಜ್ವಾಲೆ ಏಳುತ್ತಿದ್ದಂತೆ ಹಗ್ಗ ಹಿಡಿದವನೂ ದನವೂ ಒಟ್ಟಿಗೇ ಹಾರಿ ದಾಟುತ್ತಾರೆ! ದನಕ್ಕೆ ಒಳ್ಳೆಯದಾಗಲಿ, ರೋಗ ರುಜಿನ ದೂರವಾಗಲಿ ಎಂಬ ನಂಬಿಕೆ. ಅಂದಿನ ದನಗಾಹಿಗಳ ಬೆಂಕಿಯೂ ಹೀಗೆ ಕಾಲಕಾಲಕ್ಕೆ ಹಚ್ಚಿದ ಹಬ್ಬದ ಬೆಂಕಿಯೇ ಇರಬಹುದು ಎಂದರು ಆಲ್ಚಿನ್.

ಉತ್ತರ ಕರ್ನಾಟಕದವರೇ, ನೀವೂ ಬನ್ನಿ! ಬಲಿಪಾಡ್ಯಮಿಗೆ ನಿಮ್ಮ ಮನೆಯ ಹೆಣ್ಣುಮಕ್ಕಳು ಹಸಿ ಸಗಣಿಯ ಉಂಡೆ ಕಟ್ಟಿ, ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಗಿಸಿ ಪಾಂಡವರನ್ನು ಮಾಡುತ್ತಾರಲ್ಲವೇ? ಸಗಣಿ ದೇವರಾಗಿ ಹೊಸ್ತಿಲಲ್ಲಿ ಕೂರುತ್ತದೆ! ಚಿತ್ರದುರ್ಗ ಸೀಮೆಯಲ್ಲಿ ಮ್ಯಾಸಬೇಡರ ದೇವರ ಎತ್ತುಗಳಿವೆ. ಅವುಗಳನ್ನು ನೊಗಕ್ಕೆ ಹೂಡುವಂತಿಲ್ಲ, ಕಾಯಲು ಕಿಲಾರಿ ಎಂಬಾತನೇ ಬೇರೆ. ದನವೆಂದರೆ ಹಾಲು, ದುಡಿಮೆ ಅಷ್ಟೇ ಎಂದುಕೊಂಡವರಿಗೆ ಬೂದಿ ದಿಬ್ಬ ಎಂದೂ ಅರ್ಥವಾಗದು!

ಹಾಗೆಂದು ಇಂದಿನ ಕಿಚ್ಚು ಅಂದಿನದೇ ಎಂದು ಯಾರೂ ಸಾಧಿಸಿಲ್ಲ. ನಾನೂ ಹಾಗೆನ್ನುವುದಿಲ್ಲ. ಆದರೆ ಎಲ್ಲಿ ನೋಡಬೇಕು, ಏನು ಕೇಳಬೇಕು ಎಂದು ತೋರಿಸಿದ್ದು ಇವತ್ತಿನ ಹಟ್ಟಿಯೇ! ಅದೇನು ಸಣ್ಣ ಮಾತಲ್ಲ.

ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ವರ್ಷಗಟ್ಟಲೆ ಅಗೆದರು. ಅಲ್ಲಿ ಬೂದಿಯಷ್ಟೇ ಅಲ್ಲ, ಒಂದು ಊರೇ ಸಿಕ್ಕಿತು! ಜನ ವಾಸವಿದ್ದ ಜಾಗ, ದನದ ದೊಡ್ಡಿ, ಕಲ್ಲಿನ ಉಪಕರಣ ಮಾಡುತ್ತಿದ್ದ ತಾಣ, ದನ ಕಡಿಯುತ್ತಿದ್ದ ಅಂಗಳ ಕೂಡ! ದನವನ್ನು ಕಡಿದು ತಿನ್ನುತ್ತಲೂ ಇದ್ದರು. ಇದನ್ನು ಮರೆಮಾಚಬೇಕಿಲ್ಲ, ಮೂಳೆಗಳು ಸುಳ್ಳು ಹೇಳುವುದಿಲ್ಲ. ಒಬ್ಬರು ಬೂದಿಯನ್ನು ದೊಡ್ಡಿ ಸ್ವಚ್ಛಮಾಡಿದ ಗುರುತೆಂದರೆ, ಇನ್ನೊಬ್ಬರು ಊರೆಲ್ಲ ಸೇರಿ ಬೇಕೆಂದೇ ಎತ್ತರಿಸಿದ ಸ್ಮಾರಕ ಎನ್ನುತ್ತಾರೆ. ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಬರೀ ಕಸಕ್ಕೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಅಷ್ಟು ಬೆಂಕಿ ಯಾಕೆ?

ಅವರು ಏನು ಉಣ್ಣುತ್ತಿದ್ದರು? ಬಳ್ಳಾರಿ ಪಕ್ಕದ ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ನೋಡಿ: ಹುರುಳಿ! ಹೆಸರು! ಕೊರಲೆ! ನಿಮ್ಮ ಮನೆಯ ಹುರುಳಿ ಸಾರಿನ ವಯಸ್ಸು ಈಗ ನೀವೇ ಲೆಕ್ಕ ಹಾಕಿ!

ಆದರೆ ಎಷ್ಟೋ ಬೂದಿ ದಿಬ್ಬಗಳು ಹೊಲಕ್ಕೆ ಗೊಬ್ಬರವಾಗಿ, ರಸ್ತೆಗೆ ಮಣ್ಣಾಗಿ ಕರಗಿಹೋಗಿವೆ. ಸಂಗನಕಲ್ಲಿನ ಪಕ್ಕದ ಕಪ್ಪಗಲ್ಲು ಬೆಟ್ಟಕ್ಕೆ ಕಲ್ಲುಗಣಿಯ ಕಾಟ ತಟ್ಟಿದೆ.

ಬಳ್ಳಾರಿಗೆ ಹೋದರೆ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ತಪ್ಪದೆ ನೋಡಿ. ನಿಮ್ಮೂರ ಪಕ್ಕ ಬೂದಿ ದಿಬ್ಬ ಇದ್ದರೆ ಟ್ರ್ಯಾಕ್ಟರ್ ಬಿಡಬೇಡಿ, ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಿಸಿ. ಊರಿನ ಹಿರಿಯ ದನಗಾಹಿಯನ್ನು ಕೂರಿಸಿಕೊಂಡು ಕಿಚ್ಚಿನ ಬಗ್ಗೆ, ಹಟ್ಟಿಯ ಬಗ್ಗೆ ಕೇಳಿ. ಹೇಳಿದ್ದೆಲ್ಲವನ್ನೂ ಬರೆದಿಡಿ. ಈ ಸಂಕ್ರಾಂತಿಗೇ ಶುರುಮಾಡಿ!