ಹಳೆಯ ಕಾರು: ದುರಸ್ತಿಯೋ, ಬದಲಾವಣೆಯೋ?

ಮನೆಗೆ ಹೊಸ ಕಾರು ಬಂದ ದಿನ ವಿಭೂತಿ ಹಚ್ಚಿ, ಹೂಮಾಲೆ ಹಾಕಿ, ನೆರೆಹೊರೆಯವರಿಗೆ ಸಿಹಿ ಹಂಚುತ್ತೇವೆ. ಹದಿನೈದು ವರ್ಷ ಕಳೆದು ಅದೇ ಕಾರು ಹಳತಾದಾಗ ಏನು ಮಾಡಬೇಕೆಂಬುದನ್ನು ಮಾತ್ರ ನಮಗೆ ಯಾರೂ ಹೇಳಿಕೊಡುವುದಿಲ್ಲ. ಗ್ಯಾರೇಜಿನ ಬಿಲ್ಲು ಕೈಗೆ ಬಂದ ದಿನ ಬೇಸರದಿಂದ ಮಾರುವವರುಂಟು. ಮಮತೆಯಿಂದ ಬಿಡಲಾರದೆ ಅಪಾಯವನ್ನು ಮನೆಯಲ್ಲಿಟ್ಟುಕೊಳ್ಳುವವರೂ ಉಂಟು. ಈ ಎರಡೂ ವಿವೇಕದ ದಾರಿಗಳಲ್ಲ. ಕರಾವಳಿಯಲ್ಲಿ ನೆಲೆಸಿರುವ ನಮ್ಮ ಬಂಧುವರ್ಗದ ಎರಡು ಕುಟುಂಬಗಳ ಅನುಭವವನ್ನು ಓದುಗರ ಮುಂದಿಡುವುದರಿಂದ ಈ ವಿಷಯ ಸ್ಪಷ್ಟವಾದೀತೆಂದು ಭಾವಿಸುತ್ತೇನೆ.

ಒಂದೇ ಮಾದರಿ, ಎರಡು ಊರು

ಅಣ್ಣ ಬ್ಯಾಂಕಿನ ನಿವೃತ್ತ ಅಧಿಕಾರಿ. ಕಾಪುವಿನಲ್ಲಿ, ಸಮುದ್ರತೀರಕ್ಕೆ ಸಮೀಪವಾಗಿ ಮನೆ. ತಂಗಿಯ ಸಂಸಾರ ಕಾರ್ಕಳದಲ್ಲಿ; ಆಕೆಯ ಪತಿ ಉಪನ್ಯಾಸಕರು. 2010ರ ಜೂನ್ ತಿಂಗಳಲ್ಲಿ ಇಬ್ಬರೂ ಒಂದೇ ಮಾದರಿಯ ಸಣ್ಣ ಪೆಟ್ರೋಲ್ ಕಾರನ್ನು ಕೊಂಡಿದ್ದರು. 2025ರ ಏಪ್ರಿಲ್ 30ರಂದು ಬಸವ ಜಯಂತಿಯ ನಿಮಿತ್ತ ಮಣಿಪಾಲದ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದಾಗ ಇದೇ ಮಾತು ಬಂದಿತು. ಎರಡೂ ಕಾರುಗಳ ನೋಂದಣಿಯ ಅವಧಿ ಮುಗಿಯಲು ಎರಡೇ ತಿಂಗಳು ಉಳಿದಿತ್ತು.

ತಂಗಿಗೆ ಗ್ಯಾರೇಜಿನವರು 38,000 ರೂಪಾಯಿಯ ಅಂದಾಜು ಕೊಟ್ಟಿದ್ದರು. ಕ್ಲಚ್ ಸವೆದಿತ್ತು, ಮುಂದಿನ ಶಾಕ್ ಅಬ್ಸಾರ್ಬರ್‌ಗಳು ಸೋರುತ್ತಿದ್ದವು, ಬ್ರೇಕ್ ಪ್ಯಾಡು, ಬ್ಯಾಟರಿ ಎರಡೂ ಮುಗಿದಿದ್ದವು. "ಇನ್ನು ಇದಕ್ಕೆ ದುಡ್ಡು ಸುರಿಯೋದು ಬೇಡ ಅಣ್ಣಾ, ಮಾರಿಬಿಡ್ತೀವಿ" ಎಂದಳು. ಅಣ್ಣನದು ತದ್ವಿರುದ್ಧ ನಿಲುವು. "ನನ್ನ ಗಾಡಿಯ ಎಂಜಿನ್ ಇವತ್ತಿಗೂ ಗಡಿಯಾರದ ಹಾಗೆ ನಡೀತದ. ಇನ್ನೂ ಐದು ವರ್ಷ ಓಡಿಸ್ತೀನಿ ತಂಗಿ" ಎಂದರು. ನಮ್ಮ ಪರಿಚಯದ ಹಿರಿಯ ಮೆಕ್ಯಾನಿಕರೊಬ್ಬರು ಎರಡೂ ಕಾರುಗಳನ್ನು ಮೇಲೆತ್ತಿ ಪರೀಕ್ಷಿಸಿದರು. ಅವರ ತೀರ್ಮಾನ ಎಲ್ಲರನ್ನೂ ಬೆರಗುಗೊಳಿಸಿತು. ತಂಗಿಯ ಕಾರನ್ನು ದುರಸ್ತಿ ಮಾಡಿಸಬೇಕು, ಅಣ್ಣನ ಕಾರನ್ನು ಬಿಡಬೇಕು!

ಅಡಿಯಲ್ಲಿ ಅಡಗಿದ ಸತ್ಯ

ಕಾರಣ ಎಂಜಿನ್ನಿನಲ್ಲಿರಲಿಲ್ಲ, ಕಾರಿನ ಅಡಿಭಾಗದಲ್ಲಿತ್ತು. ಅಣ್ಣನ ಕಾರಿನ ರಬ್ಬರ್ ಮ್ಯಾಟನ್ನು ಎತ್ತಿ ಸ್ಕ್ರೂಡ್ರೈವರಿನಿಂದ ತಟ್ಟಿದಾಗ ಗಟ್ಟಿ ತಗಡಿನ ನಾದ ಬರಲಿಲ್ಲ. ಬಾಗಿಲ ಕೆಳಗಿನ ಅಂಚನ್ನು ಒತ್ತಿದಾಗ ಸ್ಕ್ರೂಡ್ರೈವರಿನ ತುದಿ ಒಳಗೇ ಹೋಯಿತು. ಸಸ್ಪೆನ್ಷನ್ ಕೂರುವ ಜಾಗವೂ ತುಕ್ಕು ತಿಂದಿತ್ತು.

ಇಂದಿನ ಸಣ್ಣ ಕಾರುಗಳಲ್ಲಿ ಲಾರಿಗಳಿಗಿರುವಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು ಎಲ್ಲವೂ ಒಂದಾಗಿ ಬೆಸೆದು ಭಾರವನ್ನು ಹೊರುತ್ತವೆ. ಸೀಟು, ಸೀಟ್ ಬೆಲ್ಟುಗಳನ್ನು ಬಿಗಿದಿರುವುದೂ ಈ ಒಡಲಿಗೇ. ಅದು ಜೀರ್ಣವಾದರೆ ಅಪಘಾತದ ಕ್ಷಣದಲ್ಲಿ ಒಳಗಿರುವವರನ್ನು ಕಾಯುವ ಶಕ್ತಿ ಉಳಿಯುವುದಿಲ್ಲ. ಸವೆದ ಕ್ಲಚ್ಚನ್ನು ಒಂದು ದಿನದಲ್ಲಿ ಬದಲಾಯಿಸಬಹುದು. ಜೀರ್ಣವಾದ ಒಡಲನ್ನು ತೇಪೆ ಹಾಕಿ ಮೊದಲಿನ ಬಲಕ್ಕೆ ತರುವುದು ದುಸ್ಸಾಧ್ಯ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಕಾಪುವಿನಂಥ ಕಡಲ ತೀರದಲ್ಲಿ ಇದರೊಡನೆ ಗಾಳಿಯಲ್ಲಿ ತೇಲಿಬರುವ ಉಪ್ಪೂ ಸೇರುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮಳೆಯಿಲ್ಲದ ದಿನವೂ ತಗಡು ಒದ್ದೆಯಾಗಿಯೇ ಉಳಿದು ತುಕ್ಕು ಬೆಳೆಯುತ್ತದೆ. ಕಾರ್ಕಳ ಕಡಲಿನಿಂದ ದೂರ, ಪಶ್ಚಿಮ ಘಟ್ಟದ ಬುಡದಲ್ಲಿದೆ. ಅಲ್ಲಿನ ಕಾರಿಗೆ ಉಪ್ಪಿನ ಕಾಟ ಕಡಿಮೆ, ಏರುದಾರಿಯ ಶ್ರಮ ಹೆಚ್ಚು. ತಂಗಿಯ ಮನೆಯವರು ಊರಿಗೆ ಹೋಗುವಾಗಲೆಲ್ಲ ಹದಿನಾಲ್ಕು ಕಡಿದಾದ ತಿರುವುಗಳ ಆಗುಂಬೆ ಘಾಟಿಯನ್ನು ಹತ್ತುತ್ತಿದ್ದರು. ಕ್ಲಚ್ಚು, ಬ್ರೇಕು ಸವೆದದ್ದು ಸಹಜವೇ ಆಗಿತ್ತು.

ಆದುದರಿಂದ ಕರಾವಳಿಯ ಹಳೆಯ ಕಾರಿನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ವರ್ಷವಾಯಿತು?" ಎಂಬುದಲ್ಲ, "ಎಂಜಿನ್ ಹೇಗಿದೆ?" ಎಂಬುದೂ ಅಲ್ಲ, "ಒಡಲು ಗಟ್ಟಿಯಿದೆಯೇ?" ಎಂಬುದು. ಒಡಲು ಗಟ್ಟಿಯಿದ್ದರೆ ಮಾತ್ರ ಮುಂದಿನ ಲೆಕ್ಕ.

ಕಾನೂನು ಏನನ್ನುತ್ತದೆ?

ಹದಿನೈದು ವರ್ಷವಾದ ಕೂಡಲೇ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ತಪ್ಪು ತಿಳಿವಳಿಕೆ ಅನೇಕರಲ್ಲಿದೆ. ವಯಸ್ಸಿನ ಆಧಾರದ ಮೇಲೆ ಹಳೆಯ ವಾಹನಗಳಿಗೆ ನಿರ್ಬಂಧ ಬಂದದ್ದು ದೆಹಲಿ ಸುತ್ತಲಿನ ಪ್ರದೇಶದಲ್ಲಿ; ನಮ್ಮ ರಾಜ್ಯದ ಸ್ವಂತ ಕಾರುಗಳಿಗೆ ಅದು ಅನ್ವಯಿಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷ ಊರ್ಜಿತ. ಅನಂತರ ವಾಹನ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದು ವರ್ಷಕ್ಕೊಮ್ಮೆ ನವೀಕರಿಸಬಹುದು. ಅವಧಿ ಮುಗಿಯುವ 60 ದಿನ ಮುಂಚಿತವಾಗಿಯೇ ಅರ್ಜಿ ಹಾಕಲು ಅವಕಾಶವಿದೆ. ವಿಮೆ ಹಾಗೂ ಹೊಗೆ ತಪಾಸಣೆಯ ಪತ್ರಗಳು ಚಾಲ್ತಿಯಲ್ಲಿರಬೇಕು.

ಹದಿನೈದು ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 5,000 ರೂಪಾಯಿಗೆ ಏರಿಸಲಾಯಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ನಿಗದಿಯಾಯಿತು. ಇದರ ಜೊತೆಗೆ ಹಸಿರು ತೆರಿಗೆಯೂ ಇದೆ. ಅರ್ಜಿ ಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ಆ ದಿನದ ದರವನ್ನು ವಿಚಾರಿಸಿಕೊಳ್ಳುವುದು ಒಳಿತು.

ಕಂತಿನ ಲೆಕ್ಕ, ದುರಸ್ತಿಯ ಲೆಕ್ಕ

38,000 ರೂಪಾಯಿ ಒಮ್ಮೆಗೇ ಕೊಡಬೇಕಾದಾಗ ದೊಡ್ಡದೆನಿಸುವುದು ಸಹಜ. ಆದರೆ ಹೊಸ ಕಾರಿನ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಬೇಕು. ಐದು ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 10,400 ರೂಪಾಯಿ. ಬಡ್ಡಿಯೇ ಒಂದೂಕಾಲು ಲಕ್ಷದ ಹತ್ತಿರ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇಕಡಾ 14, ಅದರ ಮೇಲೆ ಸೆಸ್. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದದ್ದು ಸಮಾಧಾನದ ಸಂಗತಿಯಾದರೂ ಕಂತಿನ ಭಾರ ಇದ್ದೇ ಇದೆ.

ತಂಗಿಯ ದುರಸ್ತಿ ಮತ್ತು ನವೀಕರಣದ ಖರ್ಚು ಸೇರಿ 43,000 ರೂಪಾಯಿ. ಕಾರು ಇನ್ನು ಮೂರೇ ವರ್ಷ ಓಡಿದರೂ ತಿಂಗಳಿಗೆ ಬೀಳುವುದು 1,200 ರೂಪಾಯಿ ಮಾತ್ರ. ಮುಂದಿನ ಸಣ್ಣಪುಟ್ಟ ಕೆಲಸಗಳಿಗೆಂದು ತಿಂಗಳಿಗೆ 2,000 ರೂಪಾಯಿ ಎತ್ತಿಟ್ಟರೂ ಕಂತಿನ ಮೂರನೆಯ ಒಂದು ಭಾಗವಾಗದು. ದುರಸ್ತಿಯ ಖರ್ಚನ್ನು ಕಾರಿನ ಮಾರುಕಟ್ಟೆ ಬೆಲೆಯೊಡನೆ ಹೋಲಿಸುವುದಕ್ಕಿಂತ, ಆ ಖರ್ಚಿನಿಂದ ಎಷ್ಟು ವರ್ಷದ ನಿಶ್ಚಿಂತೆಯ ಓಡಾಟ ದೊರೆಯುತ್ತದೆ ಎಂದು ನೋಡುವುದೇ ಸರಿಯಾದ ಕ್ರಮ.

ಇನ್ನೊಂದು ಮಾತು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಹಳೆಯ ಕಾರುಗಳ ರಬ್ಬರ್ ಭಾಗಗಳು, ಗ್ಯಾಸ್ಕೆಟ್‌ಗಳು ಇದರಿಂದ ಬೇಗ ಹಾಳಾಗಬಹುದು. ತಂಗಿಯ ಕಾರಿನ ಪೆಟ್ರೋಲ್ ಪೈಪುಗಳನ್ನು ಅದೇ ಸಂದರ್ಭದಲ್ಲಿ ಬದಲಾಯಿಸಲಾಯಿತು.

ಆದರೆ ಎಲ್ಲವನ್ನೂ ಹಣದಿಂದಲೇ ಅಳೆಯಲಾಗದು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲಿ ಎ.ಬಿ.ಎಸ್. ಬ್ರೇಕ್ ಕಡ್ಡಾಯವಾಯಿತು. ಬಳಿಕ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಇವಿಲ್ಲದ ಹಳೆಯ ಕಾರಿನಲ್ಲಿ ಹೆದ್ದಾರಿಯ ಮೇಲೆ ದಿನವೂ ದೂರ ಪ್ರಯಾಣ ಮಾಡುವವರು ಬದಲಾವಣೆಯ ಕಡೆಗೆ ವಾಲುವುದು ಯುಕ್ತ. ತಿಂಗಳಿಗೆ ಎರಡು ಸಲ ಮಾತ್ರ ಕಾರು ತೆಗೆಯುವ ವೃದ್ಧ ದಂಪತಿಗಳಿಗೆ ಬಸ್ಸು, ಬಾಡಿಗೆ ಕಾರುಗಳೇ ಸಾಕಾಗಬಹುದು. ಉಡುಪಿ-ಮಣಿಪಾಲಗಳ ನಡುವೆ ಬಸ್ಸಿಗೆ ಕೊರತೆಯಿಲ್ಲವಷ್ಟೆ.

ಸತ್ಯಶುದ್ಧ ವ್ಯವಹಾರದ ಪರೀಕ್ಷೆ

ಅಣ್ಣನಿಗೆ ನಿಜವಾದ ಪರೀಕ್ಷೆ ಎದುರಾದದ್ದು ಇದಾದ ಮೇಲೆ. ದಲ್ಲಾಳಿಯೊಬ್ಬ ಬಂದು, "ಸ್ವಲ್ಪ ಪುಟ್ಟಿ, ಪೇಂಟು ಹಚ್ಚಿ ಅಡಿಗೆ ಕಪ್ಪು ಕೋಟಿಂಗ್ ಹೊಡೆದರೆ ಯಾರಿಗೂ ತಿಳಿಯುವುದಿಲ್ಲ, 80,000 ರೂಪಾಯಿ ಕೊಡಿಸುತ್ತೇನೆ" ಎಂದ. ಗುಜರಿಗೆ ಕೊಟ್ಟರೆ ಅದರ ಕಾಲುಭಾಗ ಬರುವುದೂ ಕಷ್ಟವಿತ್ತು. ನಿವೃತ್ತರಿಗೆ ಆ ಅಂತರ ಸಣ್ಣದಲ್ಲ. ಅಣ್ಣ ಒಂದು ರಾತ್ರಿ ಯೋಚಿಸಿದರು. ಅಂಥ ಕಾರನ್ನು ಕೊಳ್ಳುವವನು ಸಿರಿವಂತನಲ್ಲ. ಕಷ್ಟಪಟ್ಟು ಹಣ ಕೂಡಿಸಿದ ಯಾವನೋ ಬಡ ಗೃಹಸ್ಥ. ತನ್ನ ಮಕ್ಕಳನ್ನು ನಂಬಿಕೆಯಿಂದ ಅದರಲ್ಲಿ ಕೂರಿಸುತ್ತಾನೆ. ನಮ್ಮ ಮೊಮ್ಮಕ್ಕಳಿಗೆ ಅಪಾಯವೆಂದು ಬಿಟ್ಟ ಕಾರು ಅವನ ಮಕ್ಕಳಿಗೆ ಹೇಗೆ ಕ್ಷೇಮವಾದೀತು?

ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮೆಲ್ಲರಿಗೂ ಗೊತ್ತು. ಒಂದು ದಿನ ಅವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಕಳುಹಿಸಿದರು. ತನ್ನದಲ್ಲದ ಹೆಚ್ಚುವರಿ ಮನೆಯೊಳಗೆ ಬರಬಾರದೆಂಬುದೇ ಆ ತಾಯಿಯ ನಿಲುವು. ದಲ್ಲಾಳಿಯ ಮಾತಿನಿಂದ ಬರಬಹುದಾಗಿದ್ದ ಹೆಚ್ಚಿನ ಹಣವೂ ಅಂಥದೇ ಅಲ್ಲವೆ?

ಅಣ್ಣ ಕಾರನ್ನು ಸರ್ಕಾರದ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಪ್ರಮಾಣಪತ್ರ ಪಡೆದು, ಆರ್.ಸಿ. ರದ್ದುಪಡಿಸಿಕೊಂಡರು. ಹೊಸ ಕಾರು ಕೊಳ್ಳುವಾಗ ಈ ಪತ್ರದಿಂದ ತೆರಿಗೆಯಲ್ಲಿ ರಿಯಾಯಿತಿಗೂ ಅವಕಾಶವಿದೆ. ಹಾಗೇ ಗುಜರಿಯವನಿಗೆ ಕೊಟ್ಟು ಸುಮ್ಮನಿದ್ದರೆ ನಮ್ಮ ಹೆಸರಿನ ನಂಬರು ದುರುಪಯೋಗವಾಗುವ ಭಯವಿರುತ್ತದೆ. ಆದರೆ ಅಣ್ಣ ಹೊಸ ಕಾರಿಗೆ ಸಾಲ ಮಾಡಲಿಲ್ಲ. ವಿಮೆಯ ಲೆಕ್ಕದಲ್ಲಿಯೇ ಕಾರಿನ ಮೌಲ್ಯ ಐದನೆಯ ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಅದನ್ನು ತಿಳಿದು, ಘಟ್ಟದ ಮೇಲಿನ ಊರಿನಲ್ಲಿ ಓಡಿದ್ದ, ಏರ್‌ಬ್ಯಾಗ್ ಇರುವ ನಾಲ್ಕು ವರ್ಷದ ಕಾರನ್ನು, ಅಡಿಭಾಗ ಪರೀಕ್ಷಿಸಿ ಉಳಿತಾಯದ ಹಣದಿಂದಲೇ ಕೊಂಡರು.

ಮುಂದಿನ ಎಚ್ಚರಿಕೆ

ಕರಾವಳಿಯ ಗೃಹಸ್ಥರು ಮಳೆಗಾಲದ ಮೊದಲು ಮತ್ತು ಅನಂತರ ಕಾರಿನ ಅಡಿಯನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಯಿಸಬೇಕು. ಬಾಗಿಲುಗಳ ತಳದಲ್ಲಿ ನೀರು ಹರಿದುಹೋಗಲೆಂದಿರುವ ರಂಧ್ರಗಳಲ್ಲಿ ಕೆಮ್ಮಣ್ಣು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಒದ್ದೆ ಮ್ಯಾಟುಗಳನ್ನು ಹೊರಗೆ ತೆಗೆದು ಒಣಗಿಸಬೇಕು. ತುಕ್ಕು ನಿರೋಧಕ ಲೇಪನವನ್ನು ಕಾರು ಹೊಸದಿರುವಾಗಲೇ ಮಾಡಿಸಬೇಕು. ತುಕ್ಕಿನ ಮೇಲೆ ಬಳಿದರೆ ತೇವ ಒಳಗೇ ಉಳಿದು ಹಾನಿ ಹೆಚ್ಚುತ್ತದೆ.

ಆ ಮಳೆಗಾಲ ಕಳೆದು ದೀಪಾವಳಿಗೆ ತಂಗಿಯ ಸಂಸಾರ ಅದೇ ಹಳೆಯ ಕಾರಿನಲ್ಲಿ ಘಾಟಿ ಹತ್ತಿ ಊರಿಗೆ ಹೋಗಿಬಂದಿತು. ನೆರೆಯವರ ಕಣ್ಣಿಗೆ ಅದು ಹಳೆಯ ಕಾರೇ ಸರಿ. ಆದರೆ ಸಾಲವಿಲ್ಲದ ಮನೆಯ ನೆಮ್ಮದಿ ಅದರೊಳಗೆ ಕುಳಿತಿತ್ತು. ದುರಸ್ತಿಯಾಗಲಿ, ಬದಲಾವಣೆಯಾಗಲಿ, ನೆರೆಯವರ ಕಣ್ಣನ್ನು ನೋಡದೆ ಮನೆಯ ಅಗತ್ಯವನ್ನೂ ಮನಸ್ಸಾಕ್ಷಿಯನ್ನೂ ನೋಡಿ ಕೈಗೊಂಡ ತೀರ್ಮಾನವೇ ಗೃಹಸ್ಥನಿಗೆ ಶ್ರೇಯಸ್ಕರ.